ಹಳೇ ‘ಡಾಕ್ಟರ್ ಹೂ’, ‘ಸ್ಟಾರ್ ಟ್ರೆಕ್’ ಕಾದಂಬರಿಗೆ ದುಡ್ಡು ಕಳಿಸುವ ಮುಂಚೆ ಕಾಪಿರೈಟ್ ಪುಟದ ಫೋಟೊ ಕೇಳಿ

ಬೆಂಗಳೂರಿನಲ್ಲಿ ಟಿವಿ ಸರಣಿಗಳ ಹಳೇ ಕಾದಂಬರಿ ಹುಡುಕುವವರೆಲ್ಲ ದಯವಿಟ್ಟು ಓದಿ. ಬ್ರಿಟನ್ನಿನ ಟಾರ್ಗೆಟ್ ಪ್ರಕಾಶನದ ‘ಡಾಕ್ಟರ್ ಹೂ’ ಪುಸ್ತಕ, 1973ರ ಮೊದಲ ಮುದ್ರಣ, ಒರಿಜಿನಲ್ ಎಂದು ಊರಿನದೇ ಒಬ್ಬ ಆನ್‌ಲೈನ್ ಮಾರಾಟಗಾರ ಹಾಕಿದ್ದ ಪ್ರತಿಗೆ ಯುಪಿಐನಲ್ಲಿ ಪೂರ್ತಿ ಹಣ ಹೋಯಿತು, ಬಂದದ್ದು ಜೆರಾಕ್ಸ್. ಮುಖಪುಟ ಕಲರ್ ಪ್ರಿಂಟ್, ಮೇಲೆ ಲ್ಯಾಮಿನೇಷನ್. ಒಳಗೆ ಸಾಲುಗಳು ಬೈಂಡಿಂಗ್ ಕಡೆಗೆ ಬಾಗಿವೆ, ಮಧ್ಯದಲ್ಲಿ ಉದ್ದಕ್ಕೂ ಕಪ್ಪು ನೆರಳು. 47ನೇ ಪುಟ ಆದಮೇಲೆ ನೇರ 50. ಎದುರುಬದುರು ಪುಟಗಳನ್ನು ಒಟ್ಟಿಗೆ ಜೆರಾಕ್ಸ್ ಮಾಡುವಾಗ ಎರಡು ಹಾಳೆ ಸೇರಿ ಮಗುಚಿದರೆ ಹೀಗೇ ಆಗುವುದು. ಕೇಳಿದ್ದಕ್ಕೆ ‘ಹಳೇ ಪುಸ್ತಕ ಅಂದ್ರೆ ಹಿಂಗೇ ಇರತ್ತೆ ಸಾರ್’ ಎಂದರು, ಆಮೇಲೆ ನಂಬರ್ ಬ್ಲಾಕ್.

ಮುಖಪುಟದ ಫೋಟೊ ನೋಡಿ ಏನೂ ನಿರ್ಧರಿಸಬೇಡಿ. 2011ರಲ್ಲಿ ಬಿಬಿಸಿ ಬುಕ್ಸ್ ಕೆಲವು ಟಾರ್ಗೆಟ್ ಕಾದಂಬರಿಗಳನ್ನು ಹಳೇ ಮುಖಪುಟದ ಚಿತ್ರ ಇಟ್ಟುಕೊಂಡೇ ಮತ್ತೆ ತಂದಿದೆ. ಓದುವುದಕ್ಕೆ ಅವು ಚೆನ್ನಾಗಿವೆ, ನಿಜ ಹೇಳಬೇಕೆಂದರೆ ಓದುಗರಿಗೆ ಅವೇ ಮೇಲು. ಆದರೆ 1973ರ ಪ್ರತಿಗೆ ಕೊಡುವಷ್ಟು ಬೆಲೆ ಕೊಡುವ ಪುಸ್ತಕಗಳಲ್ಲ.

ಗುಟ್ಟೆಲ್ಲ ಇರುವುದು ಕಾಪಿರೈಟ್ ಪುಟದಲ್ಲಿ, ಅಂದರೆ ಪ್ರಕಾಶನ, ಮುದ್ರಣದ ವಿವರ ಇರುವ ಪುಟದಲ್ಲಿ. ಟಾರ್ಗೆಟ್‌ನ ಮರುಮುದ್ರಣಗಳಲ್ಲೂ ಮೊದಲ ಪ್ರಕಟಣೆಯ ವರ್ಷ ಹಾಗೇ ಇರುತ್ತದೆ, ಅದರ ಕೆಳಗೆ ‘ರೀಪ್ರಿಂಟೆಡ್’ ಎಂದು ಬೇರೆ ವರ್ಷಗಳು ಬರುತ್ತವೆ. ಮಾರುವವರು ಮೇಲಿನ ಸಾಲನ್ನಷ್ಟೇ ಕ್ರಾಪ್ ಮಾಡಿ ಕಳಿಸುತ್ತಾರೆ, ಪೂರ್ತಿ ಪುಟವೇ ಬೇಕು ಎನ್ನಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ 13 ಅಂಕಿಗೆ ಬದಲಾದದ್ದು 2007ರ ಜನವರಿಯಲ್ಲಿ. ಹಳೇ ಟಾರ್ಗೆಟ್ ಪುಸ್ತಕದಲ್ಲಿ 0 426ರಿಂದ ಶುರುವಾಗುವ 10 ಅಂಕಿ ಇರಬೇಕು. 1973ರದ್ದು ಎನ್ನುವ ಪ್ರತಿಯ ಹಿಂಬದಿಯಲ್ಲಿ ಬಾರ್‌ಕೋಡ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಅಂಗಡಿಗಳಲ್ಲಿ ಬಾರ್‌ಕೋಡ್ ಸ್ಕ್ಯಾನ್ ಶುರುವಾದದ್ದೇ 1974ರಲ್ಲಿ, ಅದೂ ಅಮೆರಿಕದಲ್ಲಿ.

ಅಮೆರಿಕದ ಪ್ರಕಾಶಕರಾದ ಪಾಕೆಟ್ ಬುಕ್ಸ್‌ನ ‘ಸ್ಟಾರ್ ಟ್ರೆಕ್’ ಕಾದಂಬರಿಗಳಲ್ಲಿ ಇದೇ ಪುಟದಲ್ಲಿ 10ರಿಂದ 1ರ ತನಕ ಅಂಕಿಗಳ ಒಂದು ಸಾಲಿರುತ್ತದೆ, ಮರುಮುದ್ರಣವಾದಂತೆ ಚಿಕ್ಕ ಅಂಕಿಯಿಂದ ತೆಗೆಯುತ್ತಾ ಹೋಗುತ್ತಾರೆ. ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿಯೇ ಎಷ್ಟನೇ ಮುದ್ರಣ ಎಂಬ ಲೆಕ್ಕ. 1 ಇಲ್ಲ ಅಂದರೆ ಮೊದಲ ಮುದ್ರಣ ಅಲ್ಲ. ಮುಖಪುಟ ಹರಿದ ಅಮೆರಿಕನ್ ಪ್ರತಿ ಕಡಿಮೆಗೆ ಸಿಕ್ಕರೂ ಬೇಡ: ಮಾರಾಟವಾಗದ ಪೇಪರ್‌ಬ್ಯಾಕ್‌ಗಳ ಮುಖಪುಟ ಮಾತ್ರ ಕಿತ್ತು ಪ್ರಕಾಶಕರಿಗೆ ವಾಪಸ್ ಕಳಿಸಿ, ಪುಸ್ತಕ ನಾಶ ಮಾಡಿದೆವು ಎಂದು ಲೆಕ್ಕ ತೋರಿಸುವ ಪದ್ಧತಿ ಅಲ್ಲಿದೆ. ಅಂಥದ್ದಕ್ಕೆ ಕಲರ್ ಜೆರಾಕ್ಸ್ ರಟ್ಟು ಅಂಟಿಸಿದರೆ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಫೋನ್ ಕ್ಯಾಮೆರಾ ಜೂಮ್ ಮಾಡಿ ನೋಡಿ. ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ ಚಿತ್ರದಲ್ಲಿ ಬಣ್ಣದ ಚುಕ್ಕೆಗಳು ಒಂದರ ಮೇಲೊಂದು ಕಲೆಸಿ ಅಲೆಅಲೆಯಾಗಿ ಕಾಣುತ್ತವೆ, ಸಣ್ಣ ಅಕ್ಷರಗಳ ಅಂಚು ಮಸುಕಾಗಿರುತ್ತದೆ.

ಸಾಧ್ಯವಾದರೆ ಚರ್ಚ್ ಸ್ಟ್ರೀಟ್ ಅಥವಾ ಅವೆನ್ಯೂ ರಸ್ತೆಯಲ್ಲಿ ಕೈಗೆತ್ತಿಕೊಂಡೇ ಕೊಳ್ಳಿ. ಈ ಪೇಪರ್‌ಬ್ಯಾಕ್‌ಗಳ ಬೆನ್ನಿನ ಅಂಟು ವರ್ಷಗಳು ಕಳೆದಂತೆ ಒಣಗಿ ಗಡುಸಾಗುತ್ತದೆ. ಪೂರ್ತಿ ಅಗಲಿಸಿದರೆ ಚಟ್ ಎಂದು ಸೀಳಿ ಹಾಳೆ ಕಳಚಿಕೊಳ್ಳುತ್ತವೆ, ಅರ್ಧ ತೆರೆದು ಪುಟಸಂಖ್ಯೆ ಮಾತ್ರ ನೋಡುತ್ತಾ ಹೋಗಿ. ಹಾಳೆಯ ಅಂಚು ಕಂದು, ಒಳಭಾಗ ತಿಳಿಯಾಗಿದ್ದರೆ ಅದು ವಯಸ್ಸಿಗೆ ಸಹಜ. ಇಡೀ ಹಾಳೆ ಬೆಳ್ಳಗೆ ಫಳಫಳ ಅಂದರೆ ಅನುಮಾನಪಡಿ.

ಆನ್‌ಲೈನ್‌ನಲ್ಲೇ ತರಿಸುವುದಾದರೆ ಜಾಹೀರಾತಿನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ, ಜಗಳ ಶುರುವಾದ ಕೂಡಲೇ ಅದನ್ನು ಅಳಿಸುತ್ತಾರೆ. ಪಾರ್ಸೆಲ್ ಒಡೆಯುವಾಗ ವಿಳಾಸದ ಚೀಟಿಯಿಂದ ಹಿಡಿದು ವಿಡಿಯೊ ಮಾಡಿ. ಈಗಾಗಲೇ ಮೋಸ ಹೋಗಿದ್ದರೆ ಇವೆರಡರ ಜೊತೆಗೆ ಯುಪಿಐ ವ್ಯವಹಾರದ ಸಂಖ್ಯೆ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.