ಬೋರಮಾಳದ ಒಂದೆಳೆ ಶೋರೂಮಿಗೆ, ಇನ್ನೊಂದೆಳೆ ಸರಾಫ ಬಜಾರಿಗೆ

ನಮ್ಮವ್ವನ ಎರಡೆಳೆಯ ಬಂಗಾರದ ಮಣಿಸರವನ್ನು, ಅಂದರೆ ಬೋರಮಾಳವನ್ನು, ನಾನು ಎರಡು ಬೇರೆ ಬೇರೆ ಕಡೆ ಮುರಿಸಿದ್ದೇನೆ. ಮೊದಲ ಎಳೆಯನ್ನು ಎರಡು ವರ್ಷಗಳ ಹಿಂದೆ ಕಲಬುರಗಿಯ ಮುಖ್ಯರಸ್ತೆಯ ಒಂದು ದೊಡ್ಡ ಶೋರೂಮಿನಲ್ಲಿ ನನಗಾಗಿ, ಎರಡನೆಯದನ್ನು ಕಳೆದ ಬೇಸಿಗೆಯಲ್ಲಿ ಸರಾಫ ಬಜಾರಿನ ಒಂದು ಹಳೆಯ ಅಂಗಡಿಯಲ್ಲಿ ಮಗಳಿಗಾಗಿ. ಎರಡೂ ಎಳೆಗಳು ಒಬ್ಬನೇ ಪತ್ತಾರನ (ಅಕ್ಕಸಾಲಿಗನ) ಕೈಯಲ್ಲಿ ಒಂದೇ ಕಾಲಕ್ಕೆ ಆದವು, ಬಂಗಾರವೂ ಒಂದೇ ಗುಣದ್ದು; ಆದ್ದರಿಂದ ಅಂಗಡಿಗಳನ್ನು ಹೋಲಿಸಲು ನನಗೆ ಸಿಕ್ಕಂಥ ಅನುಕೂಲ ಎಲ್ಲರಿಗೂ ಸಿಗುವುದಿಲ್ಲ. ನನ್ನ ಒಲವು ಬಜಾರಿನ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದರ ದಿನಕ್ಕೊಂದು ಬಗೆಯಾಗುವುದರಿಂದ ಲೆಕ್ಕವನ್ನೆಲ್ಲ ರೂಪಾಯಿಯಲ್ಲಿ ಹೇಳದೆ ಗ್ರಾಂನಲ್ಲಿಯೇ ಹೇಳುತ್ತೇನೆ.

ಬೋರಮಾಳದ ಮಣಿ ಗಟ್ಟಿ ಬಂಗಾರದ್ದಲ್ಲ. ತೆಳ್ಳಗೆ ಬಡಿದ ತಗಡನ್ನು ಬೋರೆಹಣ್ಣಿನ ಆಕಾರಕ್ಕೆ ತಂದು, ಒಳಗೆ ಅರಗು ತುಂಬಿ, ದಾರದಲ್ಲಿ ಪೋಣಿಸಿರುತ್ತಾರೆ. ಒಂದೊಂದು ಎಳೆ 'ಎರಡು ತೊಲಿ' ಎಂದು ಅವ್ವ ಹೇಳುತ್ತಿದ್ದಳು. ಈಗ ಅಂಗಡಿಯವರು ತೊಲೆ ಎಂದರೆ ಹತ್ತು ಗ್ರಾಂ ಎಂದು ಹಿಡಿಯುತ್ತಾರೆ. ಹಳೆಯ ತೊಲೆ 11.66 ಗ್ರಾಂ, ಅಂದರೆ 96 ಗುಲಗಂಜಿ. ಮೊದಲ ಎಳೆ ಶೋರೂಮಿನ ತಕ್ಕಡಿಯಲ್ಲಿ 23.4 ಗ್ರಾಂ ತೂಗಿತು. ಅವ್ವನ ಎರಡು ತೊಲೆ ಸುಳ್ಳಾಗಿರಲಿಲ್ಲ, ಆದರೆ ಆ ತೂಕದಲ್ಲಿ ಅರಗೂ ಸೇರಿತ್ತು.

ಶೋರೂಮಿನ ಹುಡುಗ ಕತ್ತರಿಯಿಂದ ಒಂದು ಮಣಿಯನ್ನು ಸೀಳಿ, ಒಳಗಿನ ಕಂದು ಅರಗನ್ನು ನನ್ನ ಮುಂದೆ ಹಿಡಿದು, "ನೋಡಿ ಮೇಡಂ, ಆಗಿನ ಕಾಲದಲ್ಲಿ ಹೀಗೆ ಮೋಸ ಮಾಡ್ತಿದ್ರು" ಎಂದ. ಅವ್ವನ ಪತ್ತಾರನ ಬಗ್ಗೆ ಹಾಗೆ ಕೇಳಿ ಬೇಸರವಾಯಿತಾದರೂ ಕಣ್ಣೆದುರಿಗೇ ಅರಗಿದ್ದುದರಿಂದ ಸುಮ್ಮನಾದೆ. ಕರಗಿಸುವ ಕೋಣೆ ಮಹಡಿಯ ಮೇಲಿತ್ತು. ಗ್ರಾಹಕರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಬಂದ ಗಟ್ಟಿ 16.1 ಗ್ರಾಂ ಇತ್ತು, ಯಂತ್ರ ನೂರಕ್ಕೆ 84 ಶುದ್ಧತೆ ತೋರಿಸಿತು. 22 ಕ್ಯಾರೆಟ್ (ನೂರಕ್ಕೆ 91.6 ಶುದ್ಧತೆ) ಲೆಕ್ಕಕ್ಕೆ ಇಳಿಸಿದರೆ ಅದು 14.76 ಗ್ರಾಂ. ಅದರ ಮೇಲೆ 'ಕರಗಿಸುವ ನಷ್ಟ' ಎಂದು ನೂರಕ್ಕೆ ಎರಡರಷ್ಟು ಮತ್ತೆ ಕಳೆದು 14.47 ಮಾಡಿದರು. ಕರಗಿಸಿದ ಮೇಲೆ ತೂಗಿದ ಬಂಗಾರಕ್ಕೆ ಇನ್ನೊಮ್ಮೆ ಕರಗಿಸುವ ನಷ್ಟ ಎಲ್ಲಿಂದ ಬಂತೆಂದು ನಾನು ಅಲ್ಲಿಯೇ ಕೇಳಬೇಕಾಗಿತ್ತು. ದಿನವಿಡೀ ಮಕ್ಕಳ ಉತ್ತರ ಪತ್ರಿಕೆಯಲ್ಲಿ ಲೆಕ್ಕದ ತಪ್ಪು ಹುಡುಕುವ ನಾನು ಆ ಸಾಲನ್ನು ಓದಿದ್ದು ಮನೆಗೆ ಬಂದ ಮೇಲೆ.

ಬದಲಿಗೆ ಕೊಂಡದ್ದು 15.2 ಗ್ರಾಂನ, ಯಂತ್ರದಲ್ಲಿ ಮಾಡಿದ, 'ಅರಗಿಲ್ಲದ' ಬೋರಮಾಳ. ನೋಡಲು ಬಹಳ ಚೆಂದವಿತ್ತು, ಈಗಲೂ ಆ ಹೊಳಪನ್ನು ನಾನು ಅಲ್ಲಗಳೆಯುವುದಿಲ್ಲ. ನಾಲ್ಕು ತಿಂಗಳಿಗೆ ಹಿಂಭಾಗದ ಒಂದು ಮಣಿಯಲ್ಲಿ ಕುಳಿ ಬಿತ್ತು. ಮಲಗುವಾಗ ಸರ ತೆಗೆದಿಡುವ ಅಭ್ಯಾಸ ನನಗಿಲ್ಲ, ಅವ್ವನಿಗೂ ಇರಲಿಲ್ಲ. ಆರನೆಯ ತಿಂಗಳಿಗೆ ಕುಳಿ ಬಿದ್ದ ಮಣಿಗಳು ಐದಾದವು, ಅವುಗಳಲ್ಲಿ ಒಂದು ಸ್ಕೂಟರಿನ ಹೆಲ್ಮೆಟ್ ಪಟ್ಟಿಗೆ ಸಿಕ್ಕಿ ಪೂರ್ತಿ ಚಪ್ಪಟೆಯಾಯಿತು. ಬೆರಳಿನಿಂದ ಒತ್ತಿದರೆ ಸಣ್ಣ ಡಬ್ಬಿಯ ಮುಚ್ಚಳದಂತೆ ಟಕ್ಕೆಂದು ಒಳಗೆ ಹೋಗುತ್ತಿತ್ತು. ಶೋರೂಮಿಗೆ ಒಯ್ದರೆ, ಇಂಥ ಮಣಿಯ ಕುಳಿ ತೆಗೆಯಲು ಬರುವುದಿಲ್ಲ, ಬೇಕಿದ್ದರೆ ಸರವನ್ನೇ ಬದಲಾಯಿಸಿಕೊಳ್ಳಿ ಎಂದರು. ಬದಲಾಯಿಸಿಕೊಂಡರೆ ಹೊಸದಕ್ಕೆ ಮತ್ತೆ ನೂರಕ್ಕೆ 17 ವೇಸ್ಟೇಜ್ (ಒಡವೆ ಮಾಡುವಾಗ ಸವೆಯುವ ಬಂಗಾರದ ಲೆಕ್ಕ) ಕೊಡಬೇಕು. ಅವ್ವನ ಸರ ಅವಳ ಕೊರಳಲ್ಲಿ ಮದುವೆಯಿಂದ ಕೊನೆಯವರೆಗೂ ಇತ್ತು, ನೀರು ಹೊತ್ತಿತ್ತು, ರಾಶಿಯ ಕಣದಲ್ಲಿ ದುಡಿದಿತ್ತು. ಅದರ ಮಣಿಗಳು ಸವೆದಿದ್ದವು, ದಾರ ಎಷ್ಟೋ ಸಲ ಬದಲಾಗಿತ್ತು, ಆದರೆ ಒಂದಕ್ಕೂ ಕುಳಿ ಬಿದ್ದಿರಲಿಲ್ಲ. ಏಕೆಂದು ನನಗೆ ಆಗ ಹೊಳೆಯಲಿಲ್ಲ.

ಹೊಳೆಯುವಂತೆ ಮಾಡಿದವರು ಬಜಾರಿನ ಆ ಹಳೆಯ ಅಂಗಡಿಯ ಸರಾಫರು. ಅವರ ಗಾದಿಯ ಮುಂದೆ ಕುಳಿತು, ಎರಡನೆಯ ಎಳೆಯನ್ನು ಬಿಚ್ಚಿಡುವ ಮೊದಲು ಶೋರೂಮಿನ ಸರವನ್ನು ತೋರಿಸಿದೆ. ಅವರು ಮಣಿಯನ್ನು ಉಗುರಿನಿಂದ ಒಮ್ಮೆ ಬಾರಿಸಿ, "ಅರಗ ಇಲ್ಲಂದ್ರ ಮಣಿ ನಿಲ್ಲಂಗಿಲ್ರಿ ಅಕ್ಕಾರ, ನೀವು ಅದರ ಮ್ಯಾಲ ಮಲಗಿದ್ರ ಚಪ್ಪಟ ಆಗ್ತಾವ" ಎಂದರು. ಅಷ್ಟು ತೆಳುವಾದ ತಗಡಿಗೆ ಒಳಗಿನಿಂದ ಆಸರೆ ಕೊಡುವುದೇ ಅರಗಿನ ಕೆಲಸವಂತೆ. ಅರಗು ತುಂಬುವುದರಲ್ಲಿ ಮೋಸವಿಲ್ಲ. ಅರಗಿಗೂ ಬಂಗಾರದ ದರ ಹಚ್ಚಿ ಒಂದೇ ತೂಕ ಬರೆದರೆ ಮೋಸ. ಅವರ ಚೀಟಿಯಲ್ಲಿ ಒಟ್ಟು ತೂಕ, ಅರಗಿನ ತೂಕ, ಬಂಗಾರದ ತೂಕ ಎಂದು ಮೂರು ಸಾಲುಗಳಿದ್ದವು.

ಅಲ್ಲಿಯ ತೂಕದ ಕ್ರಮವನ್ನು ನಾನು ಮರೆಯಲಾರೆ. ಮೇ ತಿಂಗಳ ಮಧ್ಯಾಹ್ನ, ಗಲ್ಲಿಯಲ್ಲಿ ಕಾಲಿಡಲಾಗದಷ್ಟು ಬಿಸಿಲು. ಗಾಳಿಗೆ ತಕ್ಕಡಿಯ ಅಂಕಿ ಅಲುಗಾಡುತ್ತದೆಂದು ಸರಾಫರು ಪ್ರತಿ ಸಲ ತೂಗುವಾಗಲೂ ಫ್ಯಾನ್ ಆರಿಸುತ್ತಿದ್ದರು, ಅಂಕಿ ನಿಂತ ಮೇಲೆ ನನ್ನಿಂದಲೇ ಓದಿಸುತ್ತಿದ್ದರು, ಆಮೇಲೆ ಬರೆಯುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ ನಾನು ಓದಿದ್ದು 22.8. ಅಂಗಡಿಯ ಹಿಂದಿನ ಕುಲುಮೆಯ ಎದುರಿಗೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಅರಗು ಸುಟ್ಟು, ಮೂಸೆಯಲ್ಲಿ ಕರಗಿಸಿದರು, 15.7 ಗ್ರಾಂ ಉಳಿಯಿತು. ಗಟ್ಟಿಯನ್ನು ಅದೇ ಗಲ್ಲಿಯ ಟಂಚ್ (ಶುದ್ಧತೆ ಪರೀಕ್ಷಿಸುವ) ಅಂಗಡಿಗೆ ಹುಡುಗನ ಜೊತೆ ನನ್ನನ್ನೂ ಕಳುಹಿಸಿದರು, ಅಲ್ಲಿಯೂ 84 ಬಂತು. 22 ಕ್ಯಾರೆಟ್ ಲೆಕ್ಕಕ್ಕೆ 14.40 ಗ್ರಾಂ. ಅದರ ಮೇಲೆ ಏನನ್ನೂ ವಜಾ ಮಾಡಲಿಲ್ಲ.

ಹೊಸ ಬೋರಮಾಳ ಒಟ್ಟು 19 ಗ್ರಾಂ ಬಂತು: ಅರಗು 5.2, ಬಂಗಾರ 13.8. ಮಜೂರಿ, ವೇಸ್ಟೇಜ್ ಸೇರಿ ಬಂಗಾರದ ತೂಕದ ಮೇಲೆ ನೂರಕ್ಕೆ 8, ಅಂದರೆ 1.10 ಗ್ರಾಂ. ಹಳೆಯದನ್ನು ಕಳೆದು ನಾನು ಕೊಡಬೇಕಾಗಿ ಬಂದದ್ದು ಅರ್ಧ ಗ್ರಾಂನ ಬೆಲೆ. ಶೋರೂಮಿನಲ್ಲಿ ವೇಸ್ಟೇಜೇ 2.58 ಗ್ರಾಂ ಆಗಿ, ಕೈಯಿಂದ ಕೊಟ್ಟದ್ದು 3.31 ಗ್ರಾಂನ ಬೆಲೆ. ಎರಡೂ ಕಡೆ 3 ಶೇಕಡಾ ಜಿಎಸ್‌ಟಿ ಬೇರೆ, ಅದೂ ಹಳೆಯದನ್ನು ಕಳೆದ ಮೊತ್ತಕ್ಕಲ್ಲ, ಹೊಸ ಒಡವೆಯ ಪೂರ್ತಿ ಬೆಲೆಗೆ.

ಬಜಾರಿನಲ್ಲಿ ಎಲ್ಲವೂ ಸುಸೂತ್ರವಾಗಿತ್ತೆಂದು ತಿಳಿಯಬಾರದು. ಮೂರು ವಾರ ಎಂದವರು ಏಳು ವಾರ ಮಾಡಿದರು. ಪತ್ತಾರರಿಗೆ ಜ್ವರ, ಆಮೇಲೆ ಅವರ ಮನೆಯಲ್ಲಿ ಮದುವೆ. ನಾನು ಐದು ಶನಿವಾರ ಶಾಲೆ ಬಿಟ್ಟ ಮೇಲೆ ಸ್ಕೂಟರನ್ನು ಸೂಪರ್ ಮಾರ್ಕೆಟ್ ಬಳಿ ನಿಲ್ಲಿಸಿ ನಡೆದುಕೊಂಡು ಹೋಗಿ, ಚಹಾ ಕುಡಿದು ಬರಿಗೈಯಲ್ಲಿ ಮರಳಿದ್ದೇನೆ. ಕೊನೆಗೆ ಸರ ಸಿದ್ಧವಾದಾಗ ಅವರು ಕೊಡಹೊರಟಿದ್ದು ಕಚ್ಚಾ ಚೀಟಿ. ಜಿಎಸ್‌ಟಿ ಉಳಿಯುತ್ತದಲ್ಲ ಎಂಬುದು ಅವರ ವಾದ. ನಾನು ಪಕ್ಕಾ ಬಿಲ್ ಇಲ್ಲದೆ ಏಳುವುದಿಲ್ಲವೆಂದು ಕುಳಿತೆ. ಹಾಲ್‌ಮಾರ್ಕಿನಲ್ಲಿ ಹೇಳಿದ್ದಕ್ಕಿಂತ ಶುದ್ಧತೆ ಕಡಿಮೆ ಬಂದರೆ ಆ ಕೊರತೆಯ ಎರಡರಷ್ಟು ಪರಿಹಾರ ಕೇಳಲು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ 2018ರ ನಿಯಮಗಳಲ್ಲಿ ಅವಕಾಶವಿದೆ. ಕೈಯಲ್ಲಿ ಬಿಲ್ಲೇ ಇಲ್ಲದಿದ್ದರೆ ಏನನ್ನು ಹಿಡಿದುಕೊಂಡು ಕೇಳುವುದು? ಅರ್ಧ ಗಂಟೆಯ ನಂತರ ಬಿಲ್ ಪುಸ್ತಕ ಹೊರಬಂತು. ಊರಿನ ಹೆಸರು ಬದಲಾದದ್ದು 2014ರಲ್ಲಿ. ಆ ಪುಸ್ತಕದಲ್ಲಿ ಇನ್ನೂ 'ಗುಲಬರ್ಗಾ' ಎಂದೇ ಇತ್ತು, ಜಿಎಸ್‌ಟಿ ಸಂಖ್ಯೆಯನ್ನು ಮಾತ್ರ ಮುದ್ರೆಯೊತ್ತಿ ಸೇರಿಸಿದ್ದರು.

ಸರದ ಕೊಂಡಿಯ ಮೇಲೆ ಬಿಐಎಸ್ ಗುರುತು, 22ಕೆ916, ಒಡವೆಗೊಂದರಂತೆ ಕೊಡುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ ಮೂರೂ ಇದ್ದವು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ಅಂಗಡಿಯಲ್ಲಿಯೇ ತಾಳೆ ನೋಡಿದೆ. ಈ ವಿಷಯದಲ್ಲಿ ಶೋರೂಮು ಹೇಳಿಸಿಕೊಳ್ಳದೆಯೇ ಎಲ್ಲವನ್ನೂ ಸರಿಯಾಗಿ ಕೊಟ್ಟಿತ್ತು; ಬಿಲ್ಲಿಗಾಗಿ ಅಲ್ಲಿ ಹಟ ಹಿಡಿಯಬೇಕಾಗಲಿಲ್ಲ.

ನಡುವೆ ಒಂದು ಗಿರವಿ ಅಂಗಡಿಯಲ್ಲಿ ಯಾರೋ ಬಿಡಿಸಿಕೊಳ್ಳದೆ ಬಿಟ್ಟ ಬೋರಮಾಳವನ್ನೂ ನೋಡಿದೆ. ಮಜೂರಿ ಇಲ್ಲ, ದರವೂ ಕಡಿಮೆ. ಎಚ್‌ಯುಐಡಿ ಇರಲಿಲ್ಲ, ಬಿಲ್ ಕೊಡಲು ಒಪ್ಪಲಿಲ್ಲ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಇದರಲ್ಲಂತೂ ಯಾವ ಗುರುತೂ ಇರಲಿಲ್ಲ. ಎದ್ದು ಬಂದೆ. ಕಪಡಾ ಬಜಾರಿನ 'ಒಂದು ಗ್ರಾಂ ಬಂಗಾರ'ದ, ಅಂದರೆ ಬಂಗಾರದ ಲೇಪದ, ಸರ ಮದುವೆ ಮನೆಯ ಫೋಟೋಕ್ಕೆ ಸಾಕು, ಬೆವರಿಗೆ ತಡೆಯುವುದಿಲ್ಲ.

ಒಂದೇ ವಾರದಲ್ಲಿ ಮದುವೆ ಇದ್ದವರು, ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೊಮ್ಮೆ ಹಾಕಿಕೊಳ್ಳುವವರು, ಚೌಕಾಶಿ ಎಂದರೆ ಸಂಕೋಚಪಡುವವರು ಶೋರೂಮಿಗೆ ಹೋದರೆ ನಾನು ತಪ್ಪೆನ್ನುವುದಿಲ್ಲ. ಹಗಲು ರಾತ್ರಿ ಕೊರಳಲ್ಲಿಯೇ ಸರ ಇರುವ, ಸಂಬಳದಲ್ಲಿ ಮೂರು ಗ್ರಾಂ ಉಳಿಸಲು ತಿಂಗಳುಗಟ್ಟಲೆ ಕಾಯಬೇಕಾದ, ಆದರೆ ಶನಿವಾರದ ಮಧ್ಯಾಹ್ನಗಳು ಬಿಡುವಾಗಿರುವ ನನ್ನಂಥವಳಿಗೆ ಬಜಾರೇ ಸರಿ. ಕುಳಿ ಬಿದ್ದ ಸರವನ್ನು ಮೊನ್ನೆ ಅಲ್ಲಿಗೇ ಒಯ್ದಿದ್ದೆ. ಸರಾಫರು ಫ್ಯಾನ್ ಆರಿಸಿ ತೂಗಿದರು, ನಾನು 15.2 ಎಂದು ಓದಿದೆ. ದೀಪಾವಳಿಯ ಗದ್ದಲ ಮುಗಿಯಲಿ, ಮೂರು ವಾರದಲ್ಲಿ ಮಾಡಿಕೊಡುತ್ತೇನೆ ಎಂದಿದ್ದಾರೆ. ನಾನು ಡೈರಿಯಲ್ಲಿ ಏಳು ವಾರ ಎಂದು ಬರೆದುಕೊಂಡಿದ್ದೇನೆ.