ಬೆಳ್ಳಂದೂರು ಕೆರೆ ಮುಂದಿನ ಫ್ಲ್ಯಾಟೋ, ಕೈಕೊಂಡ್ರಹಳ್ಳಿ ಕೆರೆ ಹಿಂದಿನ ಮನೆಯೋ: ನನ್ನ ಖರ್ಚಿನ ಪುಸ್ತಕದಿಂದ

ನಾನು ಯಾರ ಪರ ಅಂತ ಮೊದಲೇ ಹೇಳಿಬಿಡುತ್ತೇನೆ. ಕೈಕೊಂಡ್ರಹಳ್ಳಿ ಪರ. 2017ರಿಂದ 2022ರ ಶುರುವಿನವರೆಗೆ ಐದು ವರ್ಷ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಮುಖ ಮಾಡಿದ ಒಂಬತ್ತನೇ ಮಹಡಿಯ ಫ್ಲ್ಯಾಟ್‌ನಲ್ಲಿದ್ದೆವು. ಸ್ವಂತದ್ದು. ಈಗ ಸರ್ಜಾಪುರ ರಸ್ತೆ ಕಡೆ, ಕೈಕೊಂಡ್ರಹಳ್ಳಿ ಕೆರೆಯಿಂದ ಏಳು ನಿಮಿಷದ ನಡಿಗೆಯಲ್ಲಿ, 12 ಮನೆಗಳ ಹಳೇ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಇದೂ ಸ್ವಂತದ್ದು. ಇಲ್ಲಿ ಕಿಟಕಿ ತೆಗೆದರೆ ಕಾಣುವುದು ಎದುರುಮನೆಯ ಸಿಂಟೆಕ್ಸ್ ಟ್ಯಾಂಕ್, ಅದರ ಮೇಲೆ ಒಂದೆರಡು ಪಾರಿವಾಳ.

ಹಾಲ್ ಎಷ್ಟು ದೊಡ್ಡದು, ಲಿಫ್ಟ್ ಎಷ್ಟು ಅನ್ನುವುದನ್ನೆಲ್ಲ ಬಿಟ್ಟುಬಿಡೋಣ. ವರ್ಷಕ್ಕೆ ಜೇಬಿನಿಂದ ಎಷ್ಟು ಹೋಗುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ. ನನಗೆ ಬರೆದಿಡುವ ಚಟ ಇದೆ. ಹಾಲಿನ ಪ್ಯಾಕೆಟ್ ಕೂಡ ಬರೆಯುತ್ತೇನೆ.

ಮೊದಲು ಕಣ್ಣಿಗೆ ಕಾಣದ ಖರ್ಚು. ಕೆರೆ ಕಾಣುವ ಫ್ಲ್ಯಾಟ್‌ಗೆ ಬಿಲ್ಡರ್ ಚದರಡಿಗೆ 300 ರೂಪಾಯಿ ಜಾಸ್ತಿ ಹಾಕಿದ್ದ. 1,400 ಚದರಡಿಗೆ 4 ಲಕ್ಷ 20 ಸಾವಿರ. ಒಟ್ಟು ಬೆಲೆಯ ಮುಂದೆ ಅದು ಸಣ್ಣದಾಗೇ ಕಂಡಿತ್ತು. "ದಿನಾ ರೆಸಾರ್ಟ್‌ನಲ್ಲಿ ಇದ್ದ ಹಾಗೆ ಸಾರ್" ಅಂದಿದ್ದ ಸೇಲ್ಸ್ ಹುಡುಗ. ಆದರೆ ಆ ದುಡ್ಡೂ ಸಾಲದ್ದೇ ಅಲ್ವಾ? ಶೇ 8.5 ಬಡ್ಡಿ, 20 ವರ್ಷ ಅಂದರೆ ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ ಕಂತು. ನೋಟಕ್ಕೆಂದೇ ತಿಂಗಳಿಗೆ 3,645 ರೂಪಾಯಿ, ವರ್ಷಕ್ಕೆ 43,700 ಹೋಗುತ್ತಿತ್ತು. ಇದನ್ನು ಯಾರೂ ವರ್ಷದ ಖರ್ಚು ಅಂತ ಬರೆಯುವುದಿಲ್ಲ. ನಾನೂ ಎರಡು ವರ್ಷ ಬರೆದಿರಲಿಲ್ಲ.

ಕೆರೆ ವಿಷಯ ಗೊತ್ತಿರಲಿಲ್ವಾ ಅಂತ ಕೇಳುತ್ತೀರಿ. ಗೊತ್ತಿತ್ತು. ನೊರೆ ಉಕ್ಕಿ ರಸ್ತೆಗೆ ಬಂದದ್ದು, 2015ರಲ್ಲಿ ನೊರೆಗೇ ಬೆಂಕಿ ಹತ್ತಿದ್ದು, ಎಲ್ಲ ಪೇಪರ್‌ನಲ್ಲಿ ಓದಿದ್ದೆ. ಅದೆಲ್ಲ ಯಮಲೂರು ಕೋಡಿ ಕಡೆ, ನಮ್ಮದು ಈ ಕಡೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಸುಮಾರು 900 ಎಕರೆ ಕೆರೆ, ಅದರಲ್ಲಿ ನಮಗೊಂದು ಒಳ್ಳೆ ಮೂಲೆ ಸಿಗುವುದಿಲ್ವಾ ಅನ್ನೋ ಆಸೆ. 2018ರ ಜನವರಿಯಲ್ಲಿ ಮತ್ತೆ ಬೆಂಕಿ ಬಿದ್ದು, ಆರಿಸಲು ಸೈನಿಕರು ಇಳಿದಾಗ, ನಮ್ಮ ಬಾಲ್ಕನಿಯ ತುಳಸಿ ಗಿಡದ ಮೇಲೆ ಬೂದಿ ಕೂತಿತ್ತು.

ಇರಲಿ. ನನ್ನ ಸಿಟ್ಟು ಬೆಂಕಿಯ ಮೇಲಲ್ಲ, ನೊರೆಯ ಮೇಲೂ ಅಲ್ಲ. ಎಸಿ ಮೇಲೆ.

ಮನೆಗೆ ಬಂದ ತಿಂಗಳೇ ಎರಡು ಎಸಿ ಹಾಕಿಸಿದೆ. ಹತ್ತು ತಿಂಗಳಿಗೆ ಮಲಗುವ ಕೋಣೆಯದು ಬರೀ ಗಾಳಿ ಬೀಸತೊಡಗಿತು. ಬಂದ ಮೆಕ್ಯಾನಿಕ್ ಗ್ಯಾಸ್ ಲೀಕ್ ಅಂದ, ತುಂಬಿಸಿದ, 2,800 ತೊಗೊಂಡು ಹೋದ. ನಾಲ್ಕು ತಿಂಗಳಿಗೆ ಮತ್ತೆ ಅದೇ. ಈ ಸಲ ಬೇರೆಯವನನ್ನು ಕರೆಸಿದೆ. ಆತ ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ ಕೇಳಿದ, "ಕೆರೆ ಕಡೆ ರೂಮಾ ಸಾರ್?"

ಆತ ಮುಂದಿನ ಕವರ್ ಬಿಚ್ಚಿ ನನ್ನನ್ನು ಸ್ಟೂಲ್ ಹತ್ತಿಸಿದ. ಒಳಗೆ ತಾಮ್ರದ ಕೊಳವೆ ಕಾಣಬೇಕಿತ್ತು. ಕಂಡದ್ದು ಲಾಟೀನಿನ ಗಾಜಿಗೆ ಹಿಡಿದ ಮಸಿಯಂಥ ಕಪ್ಪು. ಬಟ್ಟಲಲ್ಲಿ ಸೋಪಿನ ನೀರು ಕಲಸಿ ಕೊಳವೆ ತಿರುಗುವ ಜಾಗಕ್ಕೆ ಬ್ರಷ್‌ನಿಂದ ಹಚ್ಚಿದ. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. "ಇದಕ್ಕೆ ಎಷ್ಟು ಗ್ಯಾಸ್ ಹಾಕಿದ್ರೂ ಅಷ್ಟೇ" ಅಂದ.

ವಿಷಯ ಇಷ್ಟು. ಕೆರೆಗೆ ಸೇರುವ ಒಳಚರಂಡಿ ನೀರಿನ ಕೊಳಕು ತಳದಲ್ಲಿ ಗಾಳಿಯಿಲ್ಲದೆ ಕೊಳೆಯುತ್ತದೆ. ಅಲ್ಲಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಅದೇ ಕೊಳೆತ ಮೊಟ್ಟೆ ವಾಸನೆಯ ಅನಿಲ. ಮೂಗಿಗೆ ಸ್ವಲ್ಪ ಹೊತ್ತಿಗೆ ಅಭ್ಯಾಸ ಆಗಿಬಿಡುತ್ತದೆ. ತಾಮ್ರಕ್ಕೂ ಬೆಳ್ಳಿಗೂ ಆಗುವುದಿಲ್ಲ, ಅವು ಕಪ್ಪಾಗುತ್ತಾ ಹೋಗುತ್ತವೆ. ಎಸಿಯ ತಾಮ್ರದ ಕೊಳವೆ ತುಂಬಾ ತೆಳು, ಬೇಗ ತೂತಾಗುತ್ತದೆ. ಟಿವಿ, ಇನ್ವರ್ಟರ್ ಬೋರ್ಡ್‌ಗಳೂ ಇದರಿಂದಲೇ ಹಾಳಾಗುತ್ತವೆ ಅಂತ ರಿಪೇರಿಯವನೇ ಹೇಳಿದ.

ಆ ಕೊಳವೆಯ ಸುರುಳಿ, ಅಂದರೆ ಕಾಯಿಲ್, ಬದಲಿಸಲು 11,500. ಕಂಪನಿಗೆ ಫೋನ್ ಮಾಡಿದರೆ, ಕಂಪ್ರೆಸರ್‌ಗೆ ಮಾತ್ರ ವಾರಂಟಿ, ಸುತ್ತಲಿನ ಹವೆಯಿಂದ ಆದದ್ದಕ್ಕೆ ನಾವು ಹೊಣೆ ಅಲ್ಲ ಅಂದರು. ಬಿಲ್ಡರ್ ಆಫೀಸಿನವರು ನಕ್ಕರು. ಐದು ವರ್ಷದಲ್ಲಿ ಏಳು ಸಲ ಗ್ಯಾಸ್, ಎರಡು ಕಾಯಿಲ್, ಕೊನೆಗೆ ಬೇಸತ್ತು 36,000ಕ್ಕೆ ಅಲ್ಯೂಮಿನಿಯಂ ಕಾಯಿಲ್‌ನ ಒಂದು ಹೊಸ ಎಸಿ. ಒಟ್ಟು 78,600. ವರ್ಷಕ್ಕೆ 15,700 ಬಿತ್ತು.

ವಾಸನೆ ಅಂತ ಬಾಲ್ಕನಿ ಬಾಗಿಲು ಹಾಕಬೇಕು. ಬಾಗಿಲು ಹಾಕಿದರೆ ಸೆಕೆ. ಸೆಕೆ ಅಂತ ಎಸಿ ಹಾಕಬೇಕು. ಕರೆಂಟ್ ಬಿಲ್ ವರ್ಷಕ್ಕೆ ಸುಮಾರು 9,000 ಜಾಸ್ತಿ ಬರುತ್ತಿತ್ತು. ಯಾವ ಬಾಲ್ಕನಿಗೆ ಅಂತ ದುಡ್ಡು ಕೊಟ್ಟೆವೋ ಅದನ್ನು ಮುಚ್ಚಿಡಲು ಮತ್ತೆ ದುಡ್ಡು! ಬೋರ್ಡ್ ರಿಪೇರಿಗಳು ವರ್ಷಕ್ಕೆ 8,000.

ಇನ್ನು ಅಮ್ಮನ ಬೆಳ್ಳಿ ದೀಪಗಳು. ಮುಂಚೆ ವರಮಹಾಲಕ್ಷ್ಮಿ ಹಬ್ಬಕ್ಕೂ ದೀಪಾವಳಿಗೂ ಉಜ್ಜುತ್ತಿದ್ದರು. ಅಲ್ಲಿ ಪ್ರತಿ ಗುರುವಾರ ಸಂಜೆ ವಿಭೂತಿ ಹಿಡಿದು ಕೂರಬೇಕಾಯಿತು. ಶುಕ್ರವಾರ ಬೆಳ್ಳಗೆ, ಮುಂದಿನ ಬುಧವಾರಕ್ಕೆ ಕಂದು. "ಕೆರೆ ನೋಡ್ತಾ ಇರು ಅಂತ ಕರ್ಕೊಂಡು ಬಂದೆ, ದೀಪ ನೋಡ್ತಾ ಕೂತಿದೀನಿ" ಅಂದರು ಒಂದು ದಿನ. ಇದರ ಖರ್ಚು ಪುಸ್ತಕದಲ್ಲಿಲ್ಲ.

ಆಸ್ತಿ ತೆರಿಗೆ: ಕೆರೆ ಕಾಣುತ್ತದೆ ಅಂತ ಜಾಸ್ತಿ ಇಲ್ಲ. ವಲಯ, ಅಳತೆ, ಕಟ್ಟಡದ ಬಗೆ ನೋಡಿ ಹಾಕುತ್ತಾರೆ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ಉಳಿಯುತ್ತದೆ. ಎರಡೂ ಕಡೆ ಅಷ್ಟೇ.

ಸೊಳ್ಳೆ: ಎರಡೂ ಕಡೆ ಇವೆ. ಒಂಬತ್ತನೇ ಮಹಡಿಗೆ ಹತ್ತುವುದಿಲ್ಲ ಅನ್ನುವ ಮಾತು ನಂಬಬೇಡಿ, ಲಿಫ್ಟ್‌ನಲ್ಲಿ ನಮ್ಮ ಜೊತೆಗೇ ಬರುತ್ತಿದ್ದವು.

ಕಾಗದಪತ್ರದ ತಲೆನೋವು ಕೆರೆ ಅಂಚಿನವರಿಗೆ ಮಾತ್ರ. ಕೆರೆಯಿಂದ 75 ಮೀಟರ್ ಏನೂ ಕಟ್ಟದೆ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಮಾಸ್ಟರ್ ಪ್ಲಾನ್‌ನ 30 ಮೀಟರ್ ಸಾಕು ಅಂದಿತು. ನಡುವಿನ ಆ ಮೂರು ವರ್ಷ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಟೇಪ್ ಹಿಡಿದು ಅಳೆಯದವರಿಲ್ಲ. ವಕೀಲರ ಫೀಸಿಗೆ ಅಂತ ಮನೆಗೆ 2,000 ಎತ್ತಿದ್ದರು.

2020ರಿಂದ ಕೆರೆಯ ನೀರು ಖಾಲಿ ಮಾಡಿ ಹೂಳೆತ್ತುವ ಕೆಲಸ ಶುರುವಾಯಿತು. ಒಳ್ಳೆ ಕೆಲಸವೇ, ವಾಸನೆಯೂ ಇಳಿಯಿತು. ಆದರೆ ನಮ್ಮ ಬಾಲ್ಕನಿಯಿಂದ ಕಾಣುತ್ತಿದ್ದುದು ಕೆಸರು, ಜೆಸಿಬಿ, ಸಾಲುಸಾಲು ಟಿಪ್ಪರ್. ತಿಂಗಳಿಗೆ 3,645 ರೂಪಾಯಿ ಕೊಟ್ಟು ಟಿಪ್ಪರ್ ಎಣಿಸುತ್ತಿದ್ದೆ. ಮಾರುವಾಗ ಆ 4 ಲಕ್ಷ 20 ಸಾವಿರಕ್ಕೆ ಯಾರೂ ಬೆಲೆ ಕಟ್ಟಲಿಲ್ಲ. "ಸಂಜೆ ಹೊತ್ತು ಯಾರಿಗೂ ತೋರಿಸ್ಬೇಡಿ" ಅಂದಿದ್ದ ಬ್ರೋಕರ್. ನಾನು ಕೊಳ್ಳುವಾಗ ನನಗೂ ಮಧ್ಯಾಹ್ನವೇ ತೋರಿಸಿದ್ದರು ಅಂತ ಆಗ ನೆನಪಾಯಿತು.

ಈಗಿನ ಮನೆಯಲ್ಲಿ ಹುಳುಕೇ ಇಲ್ಲ ಅಂತಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಡುತ್ತದೆ, ಟ್ಯಾಂಕರ್ ಪಾಲು ವರ್ಷಕ್ಕೆ 6,000. 2022ರ ಸೆಪ್ಟೆಂಬರ್ ಮಳೆಗೆ ಪಾರ್ಕಿಂಗ್‌ನಲ್ಲಿ ನೀರು ನಿಂತು ಸ್ಕೂಟರ್ ಕೆಟ್ಟಿತು, 3,200. ಲಿಫ್ಟ್ ಇಲ್ಲ, ಅಮ್ಮ ಎರಡು ಮಹಡಿ ನಿಧಾನಕ್ಕೆ ಹತ್ತುತ್ತಾರೆ. ಆದರೆ ಮೇಂಟೆನೆನ್ಸ್ ತಿಂಗಳಿಗೆ 2,500 ಅಷ್ಟೇ. ಅಲ್ಲಿ ಚದರಡಿಗೆ ಮೂರೂವರೆ ರೂಪಾಯಿಯಂತೆ 4,900 ಇತ್ತು. ನಾನು ಒಮ್ಮೆಯೂ ಇಳಿಯದ ಈಜುಕೊಳದ ಖರ್ಚೂ ಅದರಲ್ಲೇ.

ವರ್ಷದ ಮೊತ್ತ ಹೀಗೆ. ಫ್ಲ್ಯಾಟ್‌ನ ಅಸಲು ಬೆಲೆಯ ಕಂತು, ತೆರಿಗೆ ಎರಡನ್ನೂ ಬಿಟ್ಟು ಬೆಳ್ಳಂದೂರಿನಲ್ಲಿ 1 ಲಕ್ಷ 35 ಸಾವಿರ. ಇಲ್ಲಿ ಮೇಂಟೆನೆನ್ಸ್, ಟ್ಯಾಂಕರ್, ಎಸಿ ಸರ್ವಿಸ್ ಸೇರಿ 37 ಸಾವಿರ. ಈಜುಕೊಳವನ್ನು ಕೆರೆಯ ತಲೆಗೆ ಕಟ್ಟುವುದು ಸರಿಯಲ್ಲ ಅನ್ನುವುದಾದರೆ ಮೇಂಟೆನೆನ್ಸ್ ತೆಗೆಯಿರಿ. ಬರೀ ಕೆರೆಯ ಲೆಕ್ಕವೇ 76 ಸಾವಿರ ಆಗುತ್ತದೆ, ದಿನಕ್ಕೆ 200ರ ಮೇಲೆ.

ನನಗೆ ಕೆರೆ ಬೇಕಾಗಿರುವುದು ಬೆಳಿಗ್ಗೆ ಒಂದು ಗಂಟೆ. ಎದ್ದು, ಶೂ ಹಾಕಿಕೊಂಡು ಹೋದರೆ ಕೈಕೊಂಡ್ರಹಳ್ಳಿ ಕೆರೆ ಇದೆ. 48 ಎಕರೆ, ಸುತ್ತ ನಡೆಯುವ ದಾರಿ. ಸುತ್ತಲಿನ ಜನ ಪಾಲಿಕೆಯ ಜೊತೆ ಸೇರಿ ಉಳಿಸಿಕೊಂಡ ಕೆರೆ. ನೀರುಕಾಗೆ ರೆಕ್ಕೆ ಒಣಗಿಸುತ್ತಾ ಕೂತಿರುತ್ತದೆ, ಅದೃಷ್ಟ ಇದ್ದರೆ ಹೆಜ್ಜಾರ್ಲೆ. ನೋಡಿ ಮನೆಗೆ ಬಂದು ಕಾಫಿ. ಇದಕ್ಕೆ ಯಾವ ಕಂತೂ ಇಲ್ಲ. ದಿನವಿಡೀ ಮನೆಯಲ್ಲೇ ಇರುವವರು, ಸಾಲವಿಲ್ಲದವರು, ನೀರು ಚೆನ್ನಾಗಿರುವ ಕೆರೆಯ ಮುಂದೆ ಮನೆ ಕೊಂಡರೆ ಅವರ ಲೆಕ್ಕ ಬೇರೆ ಇರಬಹುದು. ಸಂಬಳದಲ್ಲಿ ಕಂತು ಕಟ್ಟುವ ನನ್ನಂಥವನಿಗೆ ಎರಡು ರಸ್ತೆ ಹಿಂದೆಯೇ ಸರಿ.

ಈ ಮನೆ ನೋಡಲು ಬಂದ ದಿನ ನಾನು ಪತ್ರ, ಖಾತಾ, ಪಾರ್ಕಿಂಗ್ ಅಂತ ಮಾಲೀಕರ ಹತ್ತಿರ ಮಾತಾಡುತ್ತಿದ್ದೆ. ಅಮ್ಮ ಕಾಣಲಿಲ್ಲ. ನೋಡಿದರೆ ಅಡುಗೆಮನೆ ಪಕ್ಕದ ದೇವರ ಗೂಡಿನ ಮುಂದೆ ನಿಂತು, ಆ ಮನೆಯವರ ಬೆಳ್ಳಿ ದೀಪ ಎತ್ತಿ ತಿರುಗಿಸಿ ನೋಡುತ್ತಿದ್ದರು. "ಯಾವಾಗ ಉಜ್ಜಿದ್ದಮ್ಮ ಇದು?" ಅಂತ ಆ ಮನೆಯಾಕೆಯನ್ನು ಕೇಳಿದರು.

"ದಸರಾಕ್ಕೆ ಆಂಟಿ."

ಅದು ಜನವರಿ. ಅಮ್ಮ ದೀಪ ಕೆಳಗಿಟ್ಟು ನನ್ನ ಕಡೆ ತಿರುಗಿ, "ಟೋಕನ್ ಕೊಡು" ಅಂದರು.