ಅವ್ವನ ಸತ್ಯವೇದ ಮತ್ತು ಬೋರ್ಡಿಲ್ಲದ ಬೈಂಡಿಂಗ್ ಅಂಗಡಿ

ಕೈಯಿಂದ ಹೊಲಿದು ಪುಸ್ತಕ ಕಟ್ಟಿಕೊಡುವವರು ಕಾರವಾರದಲ್ಲಿ ಈಗ ಸಿಗುವುದೇ ಕಷ್ಟ. ಝೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಹಾಕುತ್ತಾರೆ, ಆದರೆ ಸತ್ಯವೇದಕ್ಕೆ, ಅಂದರೆ ಬೈಬಲ್‌ಗೆ, ಸ್ಪೈರಲ್ ಹಾಕಿಸಲು ಮನಸ್ಸು ಬರುವುದಿಲ್ಲ. ಗ್ರೀನ್ ಸ್ಟ್ರೀಟ್‌ನಿಂದ ಒಳಕ್ಕೆ ಹೊರಳುವ ಗಲ್ಲಿಯೊಂದರಲ್ಲಿ ಬೋರ್ಡು ಕೂಡ ಇಲ್ಲದ ಬೈಂಡಿಂಗ್ ಅಂಗಡಿಯಿದೆ. ಅಲ್ಲಿ ಆದ ಕೆಲಸದ ಬಗ್ಗೆ ಬರೆಯುತ್ತೇನೆ. ನನ್ನ ಬಗ್ಗೆಯೂ ಬರೆಯದೆ ಅದನ್ನು ಹೇಳಲು ಬರುವುದಿಲ್ಲ.

ಪುಸ್ತಕ ಅವ್ವನದು. ಗದಗ ಕಡೆಯಿಂದ ನರ್ಸ್ ಕೆಲಸಕ್ಕೆ ಈ ಊರಿಗೆ ಬರುವಾಗ ಟ್ರಂಕಿನಲ್ಲಿ ತಂದಿದ್ದು. ಇಷ್ಟು ವರ್ಷದ ಉಪ್ಪುಗಾಳಿ ಮತ್ತು ಮಳೆಗಾಲದ ಬೂಷ್ಟಿಗೆ ರಟ್ಟು ಕಳಚಿತ್ತು, ಆದಿಕಾಂಡದ ಹಾಳೆಗಳು ಕೈಗೆ ಬರುತ್ತಿದ್ದವು. ಅಂಗಡಿಯವರು ಹಳೆಯ ದಾರವನ್ನೆಲ್ಲ ಬಿಡಿಸಿ, ಒಂದೊಂದು ಮಡಿಕೆಯನ್ನೂ ಬೇರೆ ಮಾಡಿ ಮತ್ತೆ ಹೊಲಿದಿದ್ದಾರೆ. ಹುಳ ಹಿಡಿಯದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ. ಅಂಚು ಕತ್ತರಿಸುವ ಮೊದಲು ಕೇಳಿದರು, ಬೇಡ ಎಂದೆ. ಅಂಚಿನಲ್ಲಿ ಅವ್ವ ಬರೆದಿಟ್ಟ ತಾರೀಕುಗಳಿದ್ದವು, ಒಂದೂ ಹೋಗಿಲ್ಲ. ಕಪ್ಪು ರೆಕ್ಸಿನ್ ರಟ್ಟು, ಬೆನ್ನಿಗೆ ಬಟ್ಟೆ. ತಕರಾರು ಒಂದೇ: ಬೆನ್ನಿನ ಮೇಲಿನ ಚಿನ್ನದಕ್ಷರ ಸ್ವಲ್ಪ ಓರೆಯಾಗಿದೆ. ಬೆಲೆ 600 ರೂಪಾಯಿ.

ಕೊಟ್ಟಿದ್ದು 2023ರ ಏಪ್ರಿಲ್‌ನಲ್ಲಿ, ಮಳೆ ಬಿದ್ದರೆ ಅಂಟು ಬೇಗ ಒಣಗುವುದಿಲ್ಲವೆಂದು. ಮೂರು ವಾರಕ್ಕೆ ಫೋನ್ ಬಂತು: "ಅಕ್ಕೋರೆ, ಪುಸ್ತಕ ತಯಾರದೆ." ನಾನು ತರಲು ಹೋಗಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ಕಾರಣ ಹೇಳುತ್ತೇನೆ. ಆ ಪುಸ್ತಕದ ಮೊದಲ ಖಾಲಿ ಹಾಳೆಯಲ್ಲಿ ಅವ್ವನ ಮದುವೆ, ನನ್ನ ಹುಟ್ಟು, ತಮ್ಮನ ಹುಟ್ಟು ಶಾಯಿಯಲ್ಲಿವೆ. ಕೆಳಗೆ ಪೆನ್ಸಿಲ್‌ನಲ್ಲಿ, "ನನ್ನ ನಂತರ ಇದು ಮಗನಿಗೆ." ಅವ್ವ ತೀರಿಕೊಂಡ ಮೇಲೆ ಮನೆಯ ವಿಷಯಕ್ಕೆ ತಮ್ಮನ ಜೊತೆ ಮಾತು ಬೆಳೆಯಿತು. ಸಮಾಧಿಯ ಮಣ್ಣು ಒಣಗುವ ಮೊದಲೇ ಅವನಿಗೆ ಆಡಬಾರದ್ದು ಆಡಿದೆ. ಅವನು ಸತ್ಯವೇದ ಕೇಳಿದಾಗ "ಬೈಂಡಿಂಗ್‌ಗೆ ಕೊಟ್ಟಿದ್ದೇನೆ" ಎಂದೆ. ಪುಸ್ತಕ ಅಂಗಡಿಯಲ್ಲಿರುವ ತನಕ ಅದು ಸುಳ್ಳಲ್ಲವಲ್ಲ. ಇನ್ನೂ ಒಂದಿದೆ. ಕೊಡುವಾಗಲೇ ಅಂಗಡಿಯವರಿಗೆ, "ಮೊದಲ ಹಾಳೆ ಹರಿದಿದೆ, ತೆಗೆದು ಹೊಸದು ಹಾಕಿ" ಎಂದಿದ್ದೆ.

ಭಾನುವಾರಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವಳು ನಾನು. ದೇವರ ದೀರ್ಘಶಾಂತಿಯ ಬಗ್ಗೆ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ! ನಮ್ಮಲ್ಲಿ ಸಿಡುಕಿನವರಿಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತೇವೆ. ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರು ತಡವಾಗಿ ಕೋಪಿಸುವವನು ಎಂದಿರುವ ಕಡೆ ಹೀಬ್ರೂವಿನಲ್ಲಿರುವುದು, ಅಕ್ಷರಶಃ, ಮೂಗು ಉದ್ದವಿರುವವನು ಎಂದು. ಅಂದರೆ ಕೋಪ ತುದಿಗೆ ಬರಲು ಬಹಳ ಹೊತ್ತು ಬೇಕು. ಮಕ್ಕಳು ನಗುತ್ತಿದ್ದರು. ಹೊತ್ತು ಬೇಕು ಎಂದರೆ ಬರುವುದೇ ಇಲ್ಲ ಎಂದಲ್ಲ, ಅದನ್ನು ಮಾತ್ರ ನಾನು ಅವರಿಗೂ ಸರಿಯಾಗಿ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ. ಪೇತ್ರನ ಎರಡನೆಯ ಪತ್ರದಲ್ಲಿ ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆ ಎಂದು ಓದಿ, ಹಾಗಾದರೆ ಇನ್ನೂ ಸಮಯವಿದೆ ಎಂದುಕೊಂಡವಳು ನಾನು. ಮುಂದಿನ ಎರಡು ಸಾಲಿನಲ್ಲೇ ಇದೆ: ಆತನು ತಡಮಾಡುತ್ತಿರುವುದು ಎಲ್ಲರೂ ಪಾಪ ಬಿಟ್ಟು ತಿರುಗಿಕೊಳ್ಳಲಿ ಎಂದು, ಮತ್ತು ತೀರ್ಪಿನ ಆ ದಿನ ಬರುವುದು ಕಳ್ಳನ ಹಾಗೆ.

ಅಂಗಡಿಯವರು ಎರಡು ಮೂರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ಗದರಿಕೆಯಿಲ್ಲ, ದುಡ್ಡಿನ ಮಾತಿಲ್ಲ. "ಮಳೇಲಿ ಹಾಳಾಗೂದು ಬೇಡ ಅಂತ ಪ್ಲಾಸ್ಟಿಕ್ ಸುತ್ತಿ ಮೇಲಿಟ್ಟಿದ್ದೆ ಅಕ್ಕೋರೆ." ಮೂರು ತಿಂಗಳೊಳಗೆ ಒಯ್ಯದ ಪುಸ್ತಕಕ್ಕೆ ಜವಾಬ್ದಾರಿಯಿಲ್ಲ ಎಂಬ ಚೀಟಿ ಅವರ ಗೋಡೆಯ ಮೇಲೇ ಇತ್ತು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ತಮ್ಮ ಇರುವುದು ಕುಮಟಾದಲ್ಲಿ, ವಾರಕ್ಕೆರಡು ಸಲ ಅದೇ ರಸ್ತೆಯಲ್ಲಿ ಓಡಾಡುವವನು. ಫೋನ್ ಕೈಯಲ್ಲಿ ಹಿಡಿದು ಕುಳಿತೆ, ಒತ್ತಲಿಲ್ಲ. ಅವನು ಮನೆಯಲ್ಲೇ ಇದ್ದಾನೆಂದು ಸಂಜೆ ಬೇರೆಯವರಿಂದ ತಿಳಿಯಿತು. ಆ ವಾರ ಯಾರೋ, ಸತ್ತವರ ಪಾಪ ಏನಿತ್ತೋ ಎಂದರು. ಮೈ ಉರಿಯಿತು. ಯೆರೂಸಲೇಮಿನ ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿಯ ಬಗ್ಗೆ ಯೇಸು ಹೇಳಿದ್ದು, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದು. ಅಷ್ಟಕ್ಕೇ ನಿಲ್ಲಿಸದೆ, ಕೇಳುತ್ತ ನಿಂತವರ ಕಡೆ ತಿರುಗಿ, ನೀವು ತಿರುಗಿಕೊಳ್ಳದಿದ್ದರೆ ನಿಮಗೂ ನಾಶ ಎಂದ. ಲೂಕ 13ರಲ್ಲಿ ಅದರ ಬೆನ್ನಿಗೇ ಹಣ್ಣು ಬಿಡದ ಅಂಜೂರದ ಮರದ ಕಥೆ. ಮೂರು ವರ್ಷ ಕಾದ ಯಜಮಾನ ಕಡಿದುಹಾಕು ಎಂದಾಗ ತೋಟಗಾರ ಹೇಳುತ್ತಾನೆ, ಇದೊಂದು ವರ್ಷ ಬಿಡು, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ. ಕೊಡಲಿ ಬೀಳುವುದಿಲ್ಲ ಎಂದು ಆ ಕಥೆ ಎಲ್ಲಿಯೂ ಹೇಳುವುದಿಲ್ಲ. ಆ ರಾತ್ರಿ ಅದನ್ನು ಓದಿದೆ. ಮರುದಿನವೂ ಹೋಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ಕೊನೆಯ ಫೋನ್. "ಅಕ್ಕೋರೆ, ಈ ಕಟ್ಟಡ ಕೆಡವ್ತ್ರಂತೆ. ಇಪ್ಪತ್ತೈದರೊಳಗೆ ಖಾಲಿ ಮಾಡ್ಬೇಕು. ಹೊಸ ಜಾಗ ಸಣ್ಣದು, ಇಡೂಕೆ ಆಗೂದಿಲ್ಲ. ಎಸೂಕೆ ನನ್ನ ಕೈಲಿ ಆಗೂದಿಲ್ಲ. ಬನ್ನಿ." ಅವರ ದನಿಯಲ್ಲಿ ಬೇಡಿಕೆಯಿತ್ತು. ನನ್ನ ಪುಸ್ತಕಕ್ಕಾಗಿ ನನ್ನನ್ನೇ ಬೇಡುತ್ತಿದ್ದರು.

24ರಂದು ಹೋದೆ. ಪ್ಲಾಸ್ಟಿಕ್ ಬಿಚ್ಚಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಕೊಟ್ಟರು. ತೆರೆದರೆ ಮೊದಲ ಹಾಳೆ ಅಲ್ಲೇ ಇದೆ, ಹರಿದ ಕಡೆಗೆ ಹಿಂದಿನಿಂದ ತೆಳು ಕಾಗದ ಹಚ್ಚಿದ್ದಾರೆ. "ನೀವು ತೆಗೀರಿ ಅಂದಿದ್ರಿ. ಕೈಬರಹ ಇದ್ದ ಹಾಳೆ ನಾ ತೆಗೆಯೂದಿಲ್ಲ ಅಕ್ಕೋರೆ." ಪೆನ್ಸಿಲ್ ಸಾಲೂ ಇತ್ತು. ಅಂಗಡಿಯಲ್ಲೇ ಕೂತು ಅತ್ತೆ. ಅವರು ನೀರು ತಂದುಕೊಟ್ಟು ತಮ್ಮ ಕೆಲಸಕ್ಕೆ ಹೋದರು.

ಮನೆಗೆ ಹೋಗಲಿಲ್ಲ. ಕುಮಟಾ ಬಸ್ಸು ಹತ್ತಿದೆ. ತಮ್ಮನ ಮನೆ ಬಾಗಿಲಲ್ಲಿ ನಿಂತು, ಹಾಳೆ ತೆಗೆಸಲು ಹೇಳಿದ್ದೂ ಸೇರಿ ಎಲ್ಲ ಹೇಳಿದೆ. ಅವನು ಪುಸ್ತಕ ತೆಗೆದುಕೊಂಡ, ಬಹಳ ಹೊತ್ತು ಮೊದಲ ಹಾಳೆಯನ್ನೇ ನೋಡಿದ. ಆಮೇಲೆ "ಒಳಗೆ ಬಾ ಅಕ್ಕಾ" ಎಂದ. ಮನೆಯ ಮಾತು ಇನ್ನೂ ಪೂರ್ತಿ ಮುಗಿದಿಲ್ಲ. ಮಾತಾಡುತ್ತಿದ್ದೇವೆ.

ಹಳೆಯ ಸತ್ಯವೇದ, ಪುರಾಣದ ಪುಸ್ತಕ, ಕೈಬರಹದ ವಹಿ ಏನಿದ್ದರೂ ಇವರಿಗೆ ಧೈರ್ಯವಾಗಿ ಕೊಡಿ. ಅಂಗಡಿ ಈಗ ಅದೇ ಗಲ್ಲಿಯಲ್ಲಿ ನಾಲ್ಕು ಬಾಗಿಲು ಮುಂದೆ, ಮಹಡಿ ಮೇಲಿದೆ. ಸಂತೆಯ ಭಾನುವಾರವೂ ತೆರೆದಿರುತ್ತದೆ. ಕೊಟ್ಟ ದಿನ ಒಂದು ಚೀಟಿ ಬರೆದುಕೊಡುತ್ತಾರೆ, ತರಲು ಹೋಗುವಾಗ ಅದು ಬೇಕು. ನನ್ನದು ಯಾವಾಗಲೋ ಕಳೆದುಹೋಗಿತ್ತು. ಅವರು ಕೇಳಲಿಲ್ಲ.